ಮೊಮ್ಮಗುವಿನ ಮುಂಗುರುಳು, ಅಜ್ಜಿಯ ಕತ್ತರಿ

ಸಂಜೆ ಮಗುವನ್ನು ಕರೆದುಕೊಂಡು ಬರಲು ಹೋದಾಗ ಬಾಗಿಲಲ್ಲೇ ಗೊತ್ತಾಗಿಬಿಡುತ್ತದೆ. ಬೆಳಿಗ್ಗೆ ಹುಬ್ಬು ಮುಟ್ಟುತ್ತಿದ್ದ ಕೂದಲು ಈಗ ಹಣೆಯ ನಡುವೆ ನಿಂತಿದೆ, ಎಡಕ್ಕೆ ಒಂಚೂರು ಮೇಲೆ, ಬಲಕ್ಕೆ ಒಂಚೂರು ಕೆಳಗೆ. "ಕಣ್ಣಿಗೆ ಬೀಳ್ತಿತ್ತಲ್ಲ, ತುದಿ ಕತ್ತರಿಸಿದೆ ಅಷ್ಟೆ" ಅಂತಾರೆ ಅಜ್ಜಿ. ಮಗು ಕಣ್ಣರಳಿಸಿ ಅಮ್ಮನ ಮುಖವನ್ನೇ ನೋಡುತ್ತಿದೆ.

ಇಲ್ಲಿಂದ ಮುಂದೆ ಎರಡು ಕೆಲಸಗಳಿವೆ. ಕೂದಲನ್ನು ಒಂದು ರೂಪಕ್ಕೆ ತರುವುದು, ಕೇಳದೆ ಕತ್ತರಿಸಿದ್ದರ ಬಗ್ಗೆ ಮಾತಾಡುವುದು. ಎರಡನ್ನೂ ಅದೇ ಸಂಜೆ, ಅದೇ ಸಿಟ್ಟಿನಲ್ಲಿ ಮಾಡಲು ಹೊರಟರೆ ಎರಡೂ ಕೆಡುತ್ತವೆ. ಕೈಯಲ್ಲಿ ಕತ್ತರಿ, ಬಾಯಲ್ಲಿ ಜಗಳ, ಮಧ್ಯದಲ್ಲಿ ಮಗುವಿನ ತಲೆ. ಅಳತೆ ತಪ್ಪದೆ ಇನ್ನೇನಾಗುತ್ತದೆ?

ಮೊದಲು ಮಗುವಿನ ವಿಚಾರ. ಒಂದೂವರೆ, ಎರಡು ವರ್ಷದ ಹೊತ್ತಿಗೆ ಮಕ್ಕಳಿಗೆ ಕನ್ನಡಿಯಲ್ಲಿ ಕಾಣುವುದು ತಾವೇ ಅಂತ ತಿಳಿಯತೊಡಗುತ್ತದೆ. ಅದಕ್ಕಿಂತ ಚಿಕ್ಕ ಮಗುವಿಗೆ ತನ್ನ ತಲೆ ಹೇಗಿದೆ ಅನ್ನುವ ಚಿಂತೆಯೇ ಇಲ್ಲ. ಅದು ಓದುವುದು ದೊಡ್ಡವರ ಮುಖವನ್ನು. ಮೂರು ನಾಲ್ಕು ವರ್ಷದ ಮಗುವಾದರೆ "ಅಯ್ಯೋ, ಏನ್ ಮಾಡಿಬಿಟ್ರಿ ತಲೇನ" ಅನ್ನುವ ಒಂದೇ ಮಾತು ಸಾಕು, ವಾರಗಟ್ಟಲೆ ಟೋಪಿ ತೆಗೆಯುವುದಿಲ್ಲ. ಆ ಮಾತು ಅಜ್ಜಿಗೆ ಅಂತ ನಮಗೆ ಗೊತ್ತು. ಮಗುವಿಗೆ ಅದು ತನ್ನ ತಲೆಯ ಬಗ್ಗೆಯೇ. ನಕ್ಕುಬಿಡುವುದೂ ಅಷ್ಟೇ ಕೆಟ್ಟದ್ದು. "ಓ, ಕೂದಲು ಗಿಡ್ಡ ಆಗಿದೆ! ಕತ್ತರಿಸುವಾಗ ಹೇಗಿತ್ತು?" ಅಂತ ಕೇಳಿ ಸುಮ್ಮನಿದ್ದರೆ ಸಾಕು. ಕೂತಿತ್ತೋ ಮಲಗಿತ್ತೋ, ಯಾರಾದರೂ ಗಟ್ಟಿಯಾಗಿ ಹಿಡಿದುಕೊಂಡಿದ್ದರೋ, ಹೆದರಿತೋ, ಎಲ್ಲಾದರೂ ಚುಚ್ಚಿತೋ ಎಲ್ಲ ತಾನಾಗಿಯೇ ಹೇಳುತ್ತದೆ.

ಹಾಗೆ ಕೇಳಿದಾಗ ಕೆಲವು ಮಕ್ಕಳು ತಡವರಿಸುತ್ತವೆ. "ಅಮ್ಮಂಗೆ ಹೇಳ್ಬೇಡ ಅಂದ್ರು ಅಜ್ಜಿ." ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಲ್ಲಿ ದೊಡ್ಡ ತಪ್ಪು ಇದೇ, ಕೂದಲು ಕತ್ತರಿಸಿದ್ದು ಅದರ ಮುಂದೆ ಸಣ್ಣದು. ತನ್ನ ಮೈಗೆ ಯಾರೋ ಏನೋ ಮಾಡಿದರು, ಅದನ್ನು ಅಪ್ಪ ಅಮ್ಮನಿಗೆ ಹೇಳಬಾರದು ಅನ್ನುವ ಪಾಠ ಯಾವ ಮಗುವಿಗೂ ಯಾರಿಂದಲೂ ಸಿಗಬಾರದು. ಒಳ್ಳೆಯ ಮನಸ್ಸಿನಿಂದ ಅಜ್ಜಿ ಕಲಿಸಿದ ಆ ಪಾಠವನ್ನು ನಾಳೆ ಕೆಟ್ಟ ಮನಸ್ಸಿನವರೂ ಬಳಸಬಹುದು. ಮಕ್ಕಳ ಸುರಕ್ಷತೆ ಕಲಿಸುವವರು ಇದಕ್ಕಾಗಿಯೇ ಗುಟ್ಟಿಗೂ ಸರ್‌ಪ್ರೈಸ್‌ಗೂ ಗೆರೆ ಎಳೆಯುತ್ತಾರೆ: ಸರ್‌ಪ್ರೈಸ್ ಅಂದರೆ ಇಷ್ಟು ದಿನಕ್ಕೆ ಎಲ್ಲರಿಗೂ ಗೊತ್ತಾಗಿ ಎಲ್ಲರೂ ಖುಷಿಪಡುವಂಥದ್ದು, ಗುಟ್ಟು ಅಂದರೆ ಯಾವತ್ತೂ ಹೇಳಬಾರದ್ದು. ಮಗುವಿಗೆ "ನೀನು ಹೇಳಿದ್ದು ಒಳ್ಳೇದಾಯ್ತು, ಅಜ್ಜಿ ಮೇಲೆ ನಂಗೇನೂ ಕೋಪ ಇಲ್ಲ, ಯಾವ ವಿಷಯಾನೂ ನಮ್ಮ ಹತ್ರ ಹೇಳ್ಬಹುದು" ಅಂದು ಅಲ್ಲಿಗೆ ಬಿಡಬೇಕು. ಕೋಪ ಇದ್ದರೂ ಈ ಮಾತನ್ನು ಹೀಗೇ ಹೇಳಬೇಕು. ಇಲ್ಲದಿದ್ದರೆ ನಿಜ ಹೇಳಿದ್ದಕ್ಕೇ ಮನೆಯಲ್ಲಿ ಜಗಳವಾಯಿತು ಅಂತ ಮಗು ಅಂದುಕೊಳ್ಳುತ್ತದೆ.

ಇನ್ನೊಂದು ಕೆಲಸ ಆ ಹತ್ತು ನಿಮಿಷದಲ್ಲೇ ಆಗಬೇಕು: ಕತ್ತರಿಸಿದ ಕೂದಲು ಎಲ್ಲಿ ಅಂತ ಕೇಳುವುದು. ಗುಡಿಸಿದ್ದರೂ ಕಸದ ಬುಟ್ಟಿಯಲ್ಲಿ ಇರುತ್ತದೆ. ಅದು ಮೊದಲ ಸಲದ ಕತ್ತರಿಯಾಗಿದ್ದರೆ ಒಂದು ಚಿಟಿಕೆಯಷ್ಟಾದರೂ ಎತ್ತಿಡಿ. ಬೇಕೋ ಬೇಡವೋ ಅನ್ನುವುದನ್ನು ಆಮೇಲೆ ಯೋಚಿಸಬಹುದು, ಕಸದ ಗಾಡಿ ಹೋದಮೇಲೆ ಯೋಚಿಸಿ ಉಪಯೋಗವಿಲ್ಲ.

ಎತ್ತಿಡುವುದಕ್ಕೆ ಕಾರಣವೂ ಇದೆ. "ಕೂದಲು ತಾನೆ, ಬೆಳೆಯುತ್ತೆ ಬಿಡು" ಅನ್ನುವುದು ಮುಕ್ಕಾಲು ನಿಜ. ಒಮ್ಮೆಯೂ ಕತ್ತರಿ ತಾಗದ ಕೂದಲಿನ ತುದಿ ಸೂಜಿಯ ಹಾಗೆ ಸಣ್ಣಗಾಗುತ್ತಾ ಹೋಗಿರುತ್ತದೆ. ಕಿಟಕಿಯ ಬೆಳಕಿಗೆ ಒಂದು ಎಳೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ, ಕೊನೆ ಎಲ್ಲಿ ಅಂತಲೇ ತಿಳಿಯುವುದಿಲ್ಲ. ಕತ್ತರಿಸಿದ ಕೂದಲಿನ ತುದಿ ಮೊಂಡು, ಪೆನ್ಸಿಲನ್ನು ಅಡ್ಡಕ್ಕೆ ಮುರಿದ ಹಾಗೆ. ಆ ಎಳೆ ಎಷ್ಟೇ ಬೆಳೆದರೂ ಹಳೆಯ ಮೊನೆ ತಿರುಗಿ ಬರುವುದಿಲ್ಲ. ಅದು ಉದುರಿ ಅದೇ ಬುಡದಿಂದ ಹೊಸದು ಹುಟ್ಟಿದಾಗ ಮತ್ತೆ ಮೊನೆ ಇರುತ್ತದೆ, ಆದರೆ ಅಷ್ಟು ಹೊತ್ತಿಗೆ ಅದು ಎಳೆಗೂದಲಲ್ಲ. ಮೊದಲ ಸಲದ ಕೂದಲಿಗೆ ಅಮ್ಮನೊಬ್ಬಳು ಅತ್ತರೆ ಅತಿ ಅನ್ನಬೇಕಾಗಿಲ್ಲ.

ಇಡುವ ಕ್ರಮ ಸರಳ. ಕೂದಲು ಒಣಗಿರಬೇಕು. ಬುಡದ ಕಡೆಗೆ ಹತ್ತಿಯ ದಾರ ಕಟ್ಟಿ, ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ದಿನಾಂಕ ಬರೆಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತು ಬೂಸ್ಟು ಹಿಡಿಯಬಹುದು. ಬುಡ ಯಾವ ಕಡೆ ಅಂತ ಗೊತ್ತಾಗದಿದ್ದರೆ ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ಎಳೆಯಿರಿ: ಬುಡದಿಂದ ತುದಿಗೆ ಬೆರಳು ನುಣ್ಣಗೆ ಜಾರುತ್ತದೆ, ತುದಿಯಿಂದ ಬುಡಕ್ಕೆ ಸ್ವಲ್ಪ ತಡೆದ ಹಾಗಾಗುತ್ತದೆ. ಕೂದಲ ಮೇಲಿನ ಹುರುಪೆಗಳು ಹೆಂಚಿನಂತೆ ತುದಿಯ ಕಡೆಗೆ ಬಾಗಿರುವುದೇ ಕಾರಣ.

ಮೊಂಡು ತುದಿಯ ಈ ಸಂಗತಿಯೇ ಇನ್ನೊಂದು ಹಳೆಯ ನಂಬಿಕೆಯನ್ನೂ ಬಿಡಿಸುತ್ತದೆ. ಕತ್ತರಿಸಿದರೆ, ಬೋಳಿಸಿದರೆ ದಟ್ಟವಾಗಿ ಬರುತ್ತದೆ ಅಂತ ಅಜ್ಜ ಅಜ್ಜಿಯರು ಹೇಳುವುದು ಸುಮ್ಮನೆ ಅಲ್ಲ, ಮುಟ್ಟಿದರೆ ಹಾಗೇ ಅನಿಸುತ್ತದೆ. ಮೊನೆ ಹೋಗಿ ದಪ್ಪ ಭಾಗವೇ ತುದಿಯಾಗಿರುವುದರಿಂದ ಕೈಗೆ ಒರಟು, ಕಣ್ಣಿಗೆ ದಟ್ಟ. ಆದರೆ ಚರ್ಮದ ಹೊರಗೆ ಕಾಣುವ ಕೂದಲು ಕೆರಾಟಿನ್ ಅನ್ನುವ ನಿರ್ಜೀವ ಪ್ರೋಟೀನ್. ಅದನ್ನು ಕತ್ತರಿಸಿದ್ದು ಒಳಗಿನ ಬುಡಕ್ಕೆ ಗೊತ್ತೇ ಆಗುವುದಿಲ್ಲ. ತಲೆಯಲ್ಲಿರುವ ಸುಮಾರು 1 ಲಕ್ಷ ಕೂದಲ ಬುಡಗಳು ಹುಟ್ಟುವ ಮೊದಲೇ ಆಗಿರುತ್ತವೆ, ಆಮೇಲೆ ಹೊಸದಾಗಿ ಸೇರುವುದಿಲ್ಲ. ಅಮೆರಿಕದ ಅಂಗರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ ಗಂಡಸರ ಗಡ್ಡವನ್ನು ಅಳೆದು, ಬೋಳಿಸುವುದರಿಂದ ಕೂದಲಿನ ದಪ್ಪವೂ ಬೆಳೆಯುವ ವೇಗವೂ ಬದಲಾಗುವುದಿಲ್ಲ ಅಂತ 1928ರಲ್ಲೇ ತೋರಿಸಿದ್ದರು. ಗುಂಗುರು ಹೋಗಿ ನೇರ ಕೂದಲು ಬಂತು ಅಂತ ಕತ್ತರಿಯನ್ನು ದೂರುವುದೂ ಹೀಗೆಯೇ. ಗುಂಗುರು ನಿರ್ಧಾರವಾಗುವುದು ಬುಡದ ಆಕಾರದಿಂದ, ಮಗು ಬೆಳೆದಂತೆ ಅದು ಬದಲಾಗುತ್ತದೆ. ಕತ್ತರಿ ಬೀಳುವ ವಯಸ್ಸೂ ಕೂದಲು ಬದಲಾಗುವ ವಯಸ್ಸೂ ಒಂದೇ ಆದದ್ದರಿಂದ ಆಪಾದನೆ ಕತ್ತರಿಯ ಮೇಲೆ ಬಂತು. ಅಂದರೆ ಈ ಒಂದು ವಿಷಯದಲ್ಲಿ ಅಜ್ಜಿಯೂ ತಪ್ಪು, ಅಮ್ಮನೂ ತಪ್ಪು.

ಈಗ ಕೂದಲು ಸರಿಪಡಿಸುವ ಕೆಲಸ. ಅದೇ ರಾತ್ರಿ ಏನೂ ಮಾಡಬೇಡಿ. ತಲೆ ತೊಳೆದು, ಪೂರ್ತಿ ಒಣಗಿಸಿ, ಬಾಚದೆ ಬಿಟ್ಟು ಮರುದಿನ ಬೆಳಿಗ್ಗೆ ನೋಡಿ. ಮುಂದೆ, ಹಿಂದೆ, ಎರಡೂ ಪಕ್ಕ ನಾಲ್ಕು ಫೋಟೊ ತೆಗೆದುಕೊಳ್ಳಿ. ರಾತ್ರಿ ಭಯಂಕರವಾಗಿ ಕಂಡದ್ದರಲ್ಲಿ ಅರ್ಧ, ಕೂದಲು ತನ್ನ ಜಾಗಕ್ಕೆ ಕೂತ ಮೇಲೆ ಇರುವುದಿಲ್ಲ. ಕೂದಲು ದಿನಕ್ಕೆ ಸರಾಸರಿ 0.35 ಮಿಲಿಮೀಟರ್, ಅಂದರೆ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹೋದದ್ದೆಷ್ಟು ಅಂತ ಅಳೆದರೆ ಕಾಯಬೇಕಾದದ್ದು ಎಷ್ಟು ತಿಂಗಳು ಅಂತ ಅದೇ ಹೇಳುತ್ತದೆ. ಹಣೆಯ ಮೇಲೆ 3 ಸೆಂಟಿಮೀಟರ್ ಹೋಗಿದ್ದರೆ ಮೂರು ತಿಂಗಳು. ಹೆಗಲ ಮೇಲಿದ್ದ ಕೂದಲನ್ನು ಕಿವಿಯ ಮಟ್ಟಕ್ಕೆ ತಂದಿದ್ದರೆ ಒಂದು ವರ್ಷದ ಮಾತು.

ಹಣೆಯ ಮೇಲಿನ ಕೂದಲಿನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಸಮ ಮಾಡಲು ಹೋಗುವುದು. ಎಡಕ್ಕೆ ಹೊಂದಲಿ ಅಂತ ಬಲಗಡೆ, ಬಲಕ್ಕೆ ಹೊಂದಲಿ ಅಂತ ಎಡಗಡೆ ಕತ್ತರಿಸುತ್ತಾ ಹೋದರೆ ಗೆರೆ ಮೇಲೇರುತ್ತಾ ಹೋಗುತ್ತದೆ, ಕೊನೆಗೆ ಹಣೆಯ ಅಂಚಿನಲ್ಲಿ ಬ್ರಷ್ ಉಳಿಯುತ್ತದೆ. ಎಲ್ಲಕ್ಕಿಂತ ಗಿಡ್ಡವಾದ ಜಾಗಕ್ಕೆ ಉಳಿದದ್ದನ್ನು ತರಬಾರದು. ಬದಲಿಗೆ ಗೆರೆಯ ಚೂಪನ್ನು ಮುರಿಯಬೇಕು. ಕತ್ತರಿಯನ್ನು ಅಡ್ಡಕ್ಕೆ ಹಿಡಿಯದೆ ಉದ್ದಕ್ಕೆ, ಮೊನೆ ಮೇಲ್ಮುಖವಾಗಿ ಹಿಡಿದು, ಕೂದಲ ಅಂಚಿನೊಳಗೆ 2-3 ಮಿಲಿಮೀಟರ್ ಮಾತ್ರ ಹೋಗುವಂತೆ ಅಲ್ಲಲ್ಲಿ ಚಿವುಟಬೇಕು. ಸೆಲೂನಿನವರು ಇದಕ್ಕೆ ಪಾಯಿಂಟ್ ಕಟಿಂಗ್ ಅನ್ನುತ್ತಾರೆ. ಮೇಲ್ಮುಖವಾದ ಮೊನೆ ಕಣ್ಣಿನ ಹತ್ತಿರದ ಕೆಲಸ. ಓಡಾಡುವ ಮಗುವಾದರೆ ಇದನ್ನು ಮನೆಯಲ್ಲಿ ಮಾಡಲೇಬೇಡಿ. ಕೂದಲು ಬೆಳೆಯುವಷ್ಟು ದಿನ ಒಂದು ಕ್ಲಿಪ್ ಹಾಕಿ ಪಕ್ಕಕ್ಕೆ ತಿರುಗಿಸಿದರೂ ನಡೆಯುತ್ತದೆ.

ಒಂದು ಪಕ್ಕದಲ್ಲಿ ಹಿಡಿಯಷ್ಟು ಹೋಗಿದ್ದರೆ ಬೈತಲೆಯನ್ನು ಇನ್ನೊಂದು ಪಕ್ಕಕ್ಕೆ 2-3 ಸೆಂಟಿಮೀಟರ್ ಸರಿಸಿ ನೋಡಿ. ಮೇಲಿನ ಉದ್ದ ಕೂದಲು ಆ ಹಳ್ಳದ ಮೇಲೆ ಬಂದು ಬೀಳುತ್ತದೆ. ಹಿಂದಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿದ್ದರೆ ಅದು ಕೈ ಪಳಗಿದವರ ಕೆಲಸ, ಸೆಲೂನಿಗೇ ಹೋಗುವುದು ಒಳ್ಳೆಯದು. ಅಲ್ಲಿ "ಸರಿಮಾಡಿ" ಅಂದರೆ ಗಿಡ್ಡ ಮಾಡಿ ಕಳಿಸುತ್ತಾರೆ. "ಉದ್ದ ಕಮ್ಮಿ ಮಾಡ್ಬೇಡಿ, ಮೆಟ್ಟಿಲು ಕಾಣದ ಹಾಗೆ ಬೆರೆಸಿ" ಅಂತ ಬಿಡಿಸಿ ಹೇಳಿ, ಮೊದಲಿನ ಫೋಟೊ ತೋರಿಸಿ.

ಗುಂಗುರು ಕೂದಲಿನ ಲೆಕ್ಕವೇ ಬೇರೆ. ಒದ್ದೆಯಾದಾಗ ಅದು ಹಿಗ್ಗುತ್ತದೆ, ಒಣಗಿದಾಗ ಸ್ಪ್ರಿಂಗಿನ ಹಾಗೆ ಮೇಲೆ ಹೋಗುತ್ತದೆ. ಬಿಗಿಯಾದ ಸುರುಳಿ ಅರ್ಧಕ್ಕರ್ಧ ಗಿಡ್ಡವಾಗಿ ಕಾಣಬಹುದು. ಒದ್ದೆಯಲ್ಲಿ ಒಂದು ಸೆಂಟಿಮೀಟರ್ ಅಂತ ಕತ್ತರಿಸಿದ್ದು ಒಣಗಿದ ಮೇಲೆ ಮೂರರಂತೆ ಕಾಣುವುದು ಹೀಗೆ. ಸರಿಪಡಿಸುವಾಗ ಒಣಗಿದ ಕೂದಲಲ್ಲೇ, ಒಂದೊಂದು ಸುರುಳಿಯನ್ನು ಬೇರೆ ಬೇರೆ ಹಿಡಿದು ಮಾಡಬೇಕು. ಹಲ್ಲಿರುವ ಥಿನ್ನಿಂಗ್ ಕತ್ತರಿಯನ್ನು ಹತ್ತಿರವೂ ತರಬಾರದು, ಸುರುಳಿ ಒಡೆದು ಕೆದರುತ್ತದೆ.

ಟ್ರಿಮ್ಮರ್ ಅನಾಹುತಕ್ಕೆ ಮಾತ್ರ ಲೆಕ್ಕ ಹಾಕಿ ಪರಿಹಾರ ಹುಡುಕಬಹುದು, ಅದು ನನಗೆ ಇಷ್ಟ. ಸಾಮಾನ್ಯವಾಗಿ 1ನೇ ನಂಬರ್ ಗಾರ್ಡ್ (ಬ್ಲೇಡಿನ ಮೇಲೆ ಸಿಕ್ಕಿಸುವ ಹಣಿಗೆ) 3 ಮಿಲಿಮೀಟರ್, 2 ಅಂದರೆ 6, 3 ಅಂದರೆ 10, 4 ಅಂದರೆ 13 ಮಿಲಿಮೀಟರ್ ಉಳಿಸುತ್ತದೆ. ಅಜ್ಜ 4ರಲ್ಲಿ ಶುರುಮಾಡಿ, ಗಾರ್ಡ್ ಸರಿಯಾಗಿ ಕೂರದೆ ಕಳಚಿಬಿದ್ದು ಕಿವಿಯ ಮೇಲೆ ಒಂದು ಪಟ್ಟೆ ಹೆಚ್ಚುಕಮ್ಮಿ ಬೋಳಾಗಿದೆ ಅಂತಿಟ್ಟುಕೊಳ್ಳಿ. ಇಡೀ ತಲೆಯನ್ನು ಅವತ್ತೇ ಬೋಳಿಸಬೇಕಾಗಿಲ್ಲ. ಪಟ್ಟೆ ದಿನಕ್ಕೆ 0.35ರಂತೆ ಬೆಳೆದು 17 ದಿನಕ್ಕೆ ಸುಮಾರು 6 ಮಿಲಿಮೀಟರ್ ಆಗುತ್ತದೆ. ಅವತ್ತು ಪಕ್ಕಗಳಿಗೆ 2ನೇ ನಂಬರ್ ಹಾಕಿ ಒಮ್ಮೆ ಓಡಿಸಿದರೆ ಪಟ್ಟೆ ಮಾಯ, ಮೇಲ್ಭಾಗ ಉದ್ದವಾಗಿಯೇ ಉಳಿಯುತ್ತದೆ. ಪಟ್ಟೆ 3 ಮಿಲಿಮೀಟರಿನದಾದರೆ ಒಂಬತ್ತು ಹತ್ತು ದಿನ ಸಾಕು. ಅವಸರವಿದ್ದರೆ ಪಕ್ಕಗಳನ್ನಷ್ಟೇ ಈಗಲೇ 2ಕ್ಕೆ ಇಳಿಸಿ, ಎರಡೂವರೆ ವಾರದ ಮೇಲೆ ಇನ್ನೊಮ್ಮೆ ಅದೇ ಗಾರ್ಡ್ ಓಡಿಸಿ.

ತಲೆ ಪೂರ್ತಿ ಬೋಳಾಗಿದ್ದರೆ ಕೂದಲಿಗೆ ಮಾಡುವಂಥದ್ದೇನೂ ಇಲ್ಲ, ನೆತ್ತಿಗೆ ಮಾಡುವುದಿದೆ. ಇಷ್ಟು ದಿನ ಬಿಸಿಲು ಕಾಣದ ಚರ್ಮ ಬೇಗ ಸುಡುತ್ತದೆ. ಹೊರಗೆ ಹೋಗುವಾಗ ಟೋಪಿ, ಆರು ತಿಂಗಳು ದಾಟಿದ ಮಗುವಾದರೆ ಸನ್‌ಸ್ಕ್ರೀನ್; ಅದಕ್ಕಿಂತ ಚಿಕ್ಕದಾದರೆ ನೆರಳೇ ಸರಿ.

ಗಾಯದ ಬಗ್ಗೆಯೂ ನೋಡಬೇಕು, ಕೂದಲು ನೋಡುವ ಭರದಲ್ಲಿ ಇದು ಮರೆತುಹೋಗುತ್ತದೆ. ಕಿವಿಯ ಮೇಲಂಚು, ಕಿವಿಯ ಹಿಂಬದಿ, ಕುತ್ತಿಗೆಯ ಹಿಂಭಾಗ ಬೆಳಕಿನಲ್ಲಿ ನೋಡಿ. ಕಿವಿಗೆ ಕತ್ತರಿ ತಾಗಿದ್ದರೆ ಸಣ್ಣ ಗಾಯದಲ್ಲೂ ರಕ್ತ ಜಾಸ್ತಿ ಬರುತ್ತದೆ; ಸ್ವಚ್ಛ ಬಟ್ಟೆಯಲ್ಲಿ ಹತ್ತು ನಿಮಿಷ, ನಡುನಡುವೆ ತೆಗೆದು ನೋಡದೆ ಒತ್ತಿ ಹಿಡಿಯಬೇಕು. ಬಾಯಿ ಬಿಟ್ಟ ಗಾಯವಾದರೆ ಅಥವಾ ರಕ್ತ ನಿಲ್ಲದಿದ್ದರೆ ವೈದ್ಯರ ಬಳಿ ಹೋಗಿ. ಯಾವ ಗಾಯವಾದರೂ ಟೆಟನಸ್ ಲಸಿಕೆ ಬಾಕಿ ಇದೆಯೇ ಅಂತ ಮಗುವಿನ ಕಾರ್ಡ್ ನೋಡಿ. ಬ್ಲೇಡ್ ಬಳಸಿದ್ದರೆ ಅದು ಹೊಸದೋ, ಬೇರೆಯವರು ಬಳಸಿದ್ದೋ ಅಂತ ನೇರವಾಗಿ ಕೇಳಿ, ಇಲ್ಲಿ ದಾಕ್ಷಿಣ್ಯ ಬೇಡ. ಹೆಪಟೈಟಿಸ್ ಬಿ ಹರಡುವುದಕ್ಕೆ ಒಂದು ಸಣ್ಣ ಗೀರು ಸಾಕು.

ಕೂಸಾಗಿದ್ದರೆ ಕೈಕಾಲಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಉದುರಿದ ಒಂದೇ ಒಂದು ಎಳೆ ಕೂದಲು ಕಾಲುಚೀಲದೊಳಗೆ ಸೇರಿ ಬೆರಳಿಗೆ ಸುತ್ತಿಕೊಂಡರೆ, ಒದ್ದೆಯಲ್ಲಿ ಹಿಗ್ಗಿ ಒಣಗುವಾಗ ಬಿಗಿದು ರಕ್ತ ಓಡಾಡದ ಹಾಗೆ ಮಾಡುತ್ತದೆ. ಗಂಡುಮಕ್ಕಳ ಶಿಶ್ನಕ್ಕೂ ಹೀಗೆ ಸುತ್ತಿಕೊಳ್ಳುವುದುಂಟು. ಏನು ಮಾಡಿದರೂ ಅಳು ನಿಲ್ಲಿಸದ ಕೂಸು, ಕೆಂಪಗೆ ಊದಿದ ಒಂದು ಬೆರಳು, ಅದರ ಬುಡದಲ್ಲಿ ದಾರ ಬಿಗಿದಂಥ ಗೆರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕತ್ತರಿಸಿದ ಮೇಲೆ ಬಟ್ಟೆ ಪೂರ್ತಿ ಬದಲಿಸಿ, ಸ್ನಾನ ಮಾಡಿಸಬೇಕು ಅನ್ನುವುದು ತುರಿಕೆಗಷ್ಟೇ ಹೇಳಿದ್ದಲ್ಲ.

ಇನ್ನು ಮಾತು. ಯಾಕೆ ಕತ್ತರಿಸಿದರು ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು, ಏಕೆಂದರೆ ಕಾರಣ ನೋಡಿ ಮಾತು ಬದಲಾಗುತ್ತದೆ. ದಿನವಿಡೀ ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಪ್ರತಿ ಬೆಳಿಗ್ಗೆ ಸಿಕ್ಕು ಬಿಡಿಸುವ ಅರ್ಧ ಗಂಟೆಯ ಅಳು ತಡೆಯಲಾಗದೆ ಕತ್ತರಿಸಿರಬಹುದು; ಅಲ್ಲಿ ಕತ್ತರಿ ಕೇಳುತ್ತಿರುವುದು ಸಹಾಯ. ಸೆಕೆಗೆ ಬೆವರುಸಾಲೆ ಎದ್ದಿತ್ತು, ಹೇನು ಕಂಡಿತು, ಅಂಟು ಮೆತ್ತಿಕೊಂಡಿತು ಅನ್ನುವುದು ಇನ್ನೊಂದು. "ನಮ್ಮ ಮಕ್ಕಳಿಗೆಲ್ಲ ನಾವೇ ಕತ್ತರಿಸ್ತಿದ್ವಿ, ಕೇಳೋದೇನು" ಅನ್ನುವವರಿಗೆ ಅದು ಕೇಳಬೇಕಾದ ವಿಷಯ ಅಂತಲೇ ಹೊಳೆದಿರುವುದಿಲ್ಲ. ಇವರಾರೂ ಮೋಸ ಮಾಡಿದವರಲ್ಲ. ಆದರೆ ಹಿಂದಿನ ವಾರವಷ್ಟೇ "ಬೇಡ" ಅಂತ ಸ್ಪಷ್ಟವಾಗಿ ಹೇಳಿದ್ದರೂ, ಅಪ್ಪ ಅಮ್ಮ ಇಲ್ಲದ ದಿನ ನೋಡಿ ಕತ್ತರಿ ತೆಗೆದಿದ್ದರೆ ಅದು ಕೂದಲಿನ ವಿಷಯವೇ ಅಲ್ಲ, ಮಾತಿಗೆ ಬೆಲೆ ಇದೆಯೋ ಇಲ್ಲವೋ ಅನ್ನುವ ವಿಷಯ. ಮೊದಲಿನವರ ಜೊತೆ ಒಂದು ಸಲ ಮಾತಾಡಿದರೆ ಮುಗಿಯುತ್ತದೆ. ಕೊನೆಯವರ ಜೊತೆ ಮಾತಷ್ಟೇ ಸಾಲದು, ಸ್ವಲ್ಪ ದಿನ ಮಗುವನ್ನು ಒಂಟಿಯಾಗಿ ಬಿಡದಿರುವುದು, ಬಿಟ್ಟರೂ ಕಡಿಮೆ ಹೊತ್ತು ಬಿಡುವುದು ಬೇಕಾಗಬಹುದು.

ಯಾರು ಮಾತಾಡಬೇಕು? ಯಾರ ಅಪ್ಪ ಅಮ್ಮನೋ ಅವರೇ. ಅತ್ತೆಗೆ ಸೊಸೆ ಹೇಳಿದರೆ, ಮಾವನಿಗೆ ಅಳಿಯ ಹೇಳಿದರೆ ವಿಷಯ ಕೂದಲಿನಿಂದ ಜಾರಿ ಹತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಗಂಡ ತನ್ನ ತಾಯಿಯ ಹತ್ತಿರ ಹೇಳದೆ "ನೀನೇ ಹೇಳ್ಕೋ" ಅಂತ ಹೆಂಡತಿಯ ಮೇಲೆ ಹಾಕುವುದು ಹೇಡಿತನ, ಬೇರೆ ಹೆಸರಿಲ್ಲ. ಒಂದು ರಾತ್ರಿ ಕಳೆಯಲಿ. ವಾಟ್ಸಾಪಿನಲ್ಲಿ ಬೇಡ, ಮಗುವಿನ ಎದುರು ಬೇಡ, ನಾದಿನಿ ಮೈದುನರ ಎದುರು ಅಂತೂ ಬೇಡವೇ ಬೇಡ. ಮಾತು ಇಷ್ಟೇ ಇರಲಿ: "ಅಮ್ಮ, ಪಾಪು ಕೂದಲು ಕತ್ತರಿಸೋ ಮುಂಚೆ ನಮ್ಮನ್ನ ಒಂದ್ ಮಾತು ಕೇಳ್ಬೇಕಿತ್ತು. ನಮಗಿಬ್ಬರಿಗೂ ಬೇಜಾರಾಯ್ತು. ಇನ್ಮೇಲೆ ಏನೇ ಇದ್ರೂ ಫೋನ್ ಮಾಡು, ಎತ್ಲಿಲ್ಲ ಅಂದ್ರೆ ಕಾಯಿ." ಇದರಲ್ಲಿ ಆದದ್ದೇನು, ಅನಿಸಿದ್ದೇನು, ಮುಂದೇನು ಮೂರೂ ಇವೆ. "ನೀವು ಯಾವಾಗಲೂ ಹೀಗೇ" ಅನ್ನುವುದು ಸೇರಿದರೆ ಉಳಿದದ್ದು ಯಾವುದೂ ಕಿವಿಗೆ ಬೀಳುವುದಿಲ್ಲ. "ನಮಗಿಬ್ಬರಿಗೂ" ಅನ್ನುವ ಪದ ಬಿಡಬೇಡಿ, ಇಲ್ಲದಿದ್ದರೆ ಸೊಸೆ ಹೇಳಿಸಿದ್ದು ಅಂತಾಗುತ್ತದೆ.

ಅಜ್ಜಿ ಅಳಬಹುದು, "ನನಗೇನು ಅಧಿಕಾರವೇ ಇಲ್ವಾ" ಅನ್ನಬಹುದು. ಆಗ ಅಧಿಕಾರದ ವಾದಕ್ಕೆ ಇಳಿಯದೆ ಪಟ್ಟಿ ಮಾಡಿ ಹೇಳುವುದು ಮೇಲು. ಸ್ನಾನ, ಬಾಚುವುದು, ಉಗುರು, ಬಟ್ಟೆ, ನಿದ್ದೆ ಎಲ್ಲ ನಿಮ್ಮ ಇಷ್ಟ, ನಾವು ಬಾಯಿ ಹಾಕುವುದಿಲ್ಲ. ಕೂದಲು ಕತ್ತರಿಸುವುದು, ಕಿವಿ ಚುಚ್ಚಿಸುವುದು, ಹೊಸ ಔಷಧಿ ಕೊಡುವುದು, ಮಗುವಿನ ಫೋಟೊವನ್ನು ನಾಲ್ಕು ಜನ ನೋಡುವ ಕಡೆ ಹಾಕುವುದು, ಇಷ್ಟಕ್ಕೆ ಮಾತ್ರ ಕೇಳಿ. ಸುಮ್ಮನೆ "ಕೇಳಿ ಮಾಡಿ" ಅಂದರೆ ನೀರು ಕುಡಿಸುವುದಕ್ಕೂ ಕೇಳಬೇಕೇನೋ ಅನಿಸುತ್ತದೆ. ಪಟ್ಟಿ ಚಿಕ್ಕದಾದಷ್ಟೂ ಪಾಲಿಸುವುದು ಸುಲಭ. ಗುಟ್ಟಿನ ಮಾತು ಬಂದಿದ್ದರೆ ಅದನ್ನು ಇದರಲ್ಲಿ ಬೆರೆಸದೆ, ಪ್ರತ್ಯೇಕವಾಗಿ, ಇದಕ್ಕಿಂತ ಗಟ್ಟಿಯಾಗಿ ಹೇಳಬೇಕು.

ಕತ್ತರಿ ಹಿಡಿಯುವ ಮನಸ್ಸಾಗಿರುವ ಅಜ್ಜ ಅಜ್ಜಿಯರು ಇದನ್ನು ಓದುತ್ತಿದ್ದರೆ, ಬೇರೆ ದಾರಿಗಳಿವೆ. ಕಣ್ಣಿಗೆ ಬೀಳುತ್ತಿದ್ದರೆ ಕ್ಲಿಪ್ ಅಥವಾ ಬಟ್ಟೆಯ ಬ್ಯಾಂಡ್ (ಎಲ್ಲ ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಸಣ್ಣ ಕ್ಲಿಪ್ ಬೇಡ, ನುಂಗಿಬಿಡುತ್ತದೆ). ಸಿಕ್ಕಾಗಿದ್ದರೆ ನೀರು ಚಿಮುಕಿಸಿ, ಬೆರಳ ತುದಿಯಷ್ಟು ಎಣ್ಣೆಯನ್ನೋ ಕಂಡೀಷನರನ್ನೋ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಲ್ಲಿ ಶುರುಮಾಡಿ ಮೇಲಕ್ಕೆ ಬರಬೇಕು, ಸಿಕ್ಕಿನ ಮೇಲುಗಡೆ ಕೂದಲನ್ನು ಇನ್ನೊಂದು ಕೈಯಲ್ಲಿ ಬಿಗಿಹಿಡಿದರೆ ಎಳೆತ ನೆತ್ತಿಗೆ ತಾಗುವುದಿಲ್ಲ. ಬುಡದಿಂದ ಬಾಚಿದರೆ ಸಿಕ್ಕೆಲ್ಲ ಕೆಳಗಿಳಿದು ಗಂಟಾಗುತ್ತದೆ, ಮಗು ಅಳುವುದು ಅದಕ್ಕೇ. ಚ್ಯೂಯಿಂಗ್ ಗಮ್ ಅಂಟಿದ್ದರೆ ಅಡುಗೆ ಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಎಳೆ ಎಳೆಯಾಗಿ ಬಿಡಿಸಬಹುದು. ಹೇನಿಗೆ ಕ್ಷೌರ ಅನಿವಾರ್ಯವಲ್ಲ, ಔಷಧಿಯೂ ಸಣ್ಣ ಹಲ್ಲಿನ ಹೇನಿನ ಹಣಿಗೆಯೂ ಇವೆ. ಇದ್ಯಾವುದೂ ಆಗದಿದ್ದರೆ ಒಂದು ಫೋಟೊ ತೆಗೆದು ಮಗನಿಗೋ ಮಗಳಿಗೋ ಕಳಿಸಿ: "ಕಣ್ಣಿಗೆ ಬೀಳ್ತಿದೆ, ಇಲ್ಲಿವರೆಗೆ ಕತ್ತರಿಸಲಾ?" ಅಂತ ಬೆರಳಿಟ್ಟು ತೋರಿಸಿ. ಹತ್ತರಲ್ಲಿ ಒಂಬತ್ತು ಸಲ ಹೂಂ ಅಂತಲೇ ಉತ್ತರ ಬರುತ್ತದೆ ಅಂತ ನನ್ನ ಊಹೆ.

ಹೂಂ ಅಂದ ಮೇಲೂ ಕೆಡಲು ದಾರಿಗಳು ಬೇಕಾದಷ್ಟಿವೆ. ಮಲಗಿರುವ ಮಗುವಿಗೆ ಕತ್ತರಿಸಬೇಡಿ. ಮಗ್ಗುಲು ಬದಲಿಸುವುದು ಒಂದು ಕ್ಷಣದ ಕೆಲಸ, ಕತ್ತರಿ ಕಣ್ಣಿನ ಪಕ್ಕದಲ್ಲಿರುತ್ತದೆ, ಎದ್ದ ಮೇಲೆ ಕನ್ನಡಿ ನೋಡಿ ಮಗು ದಿಗಿಲುಬೀಳುತ್ತದೆ. ಬಟ್ಟೆ, ಕಾಗದ ಕತ್ತರಿಸಿ ಮೊಂಡಾದ ಕತ್ತರಿ ಕೂದಲನ್ನು ಕತ್ತರಿಸುವ ಮೊದಲು ಮುಂದಕ್ಕೆ ತಳ್ಳುತ್ತದೆ, ಗೆರೆ ಓರೆಯಾಗುವುದು ಅದರಿಂದ. ತುದಿ ಗುಂಡಗಿರುವ ಕೂದಲ ಕತ್ತರಿಯೇ ಬೇಕು. ಮಗುವನ್ನು ಇನ್ನೊಬ್ಬರು ತೊಡೆಯ ಮೇಲೆ ಕೂರಿಸಿಕೊಳ್ಳಲಿ, ಬೆಳಕು ಎದುರಿನಿಂದ ಬರಲಿ, ಹೊಟ್ಟೆ ತುಂಬಿರಲಿ, ನಿದ್ದೆ ಆಗಿರಲಿ. ಹಣೆಯ ಕೂದಲನ್ನು ಒಣಗಿದಾಗಲೇ ಕತ್ತರಿಸಿ. ಬೆರಳಲ್ಲಿ ಕೆಳಕ್ಕೆ ಜಗ್ಗಬಾರದು, ಬಾಚಿ ಬಿಟ್ಟು ತಾನಾಗಿ ಬಿದ್ದ ಕಡೆ ಕತ್ತರಿ ಇಡಿ. ಹಣೆಯಂಚಿನಲ್ಲಿ ಸುಳಿ ಇದ್ದರೆ ಅಲ್ಲಿನ ಕೂದಲು ಗಿಡ್ಡವಾದಷ್ಟೂ ಎದ್ದು ನಿಲ್ಲುತ್ತದೆ, ಅದನ್ನು ಉಳಿದದ್ದಕ್ಕಿಂತ ಒಂದು ಸೆಂಟಿಮೀಟರ್ ಉದ್ದ ಬಿಡಿ. ಕತ್ತರಿ ಕಂಡ ಮಗು ಮೇಲೆ ನೋಡಲು ಹುಬ್ಬೇರಿಸುತ್ತದೆ, ಆಗ ಹುಬ್ಬಿನ ಮಟ್ಟ ಅಂತ ಕತ್ತರಿಸಿದರೆ ಹುಬ್ಬು ಇಳಿದ ಮೇಲೆ ಕೂದಲು ಹಣೆಯ ನಡುವೆ ಇರುತ್ತದೆ. ಅದಕ್ಕೇ ಅಳತೆಗೆ ಎರಡು ಕಣ್ಣುಗಳ ನಡುವಿನ ಮೂಗಿನ ಬುಡ ಇಟ್ಟುಕೊಳ್ಳಿ, ಅದು ಏರುವುದಿಲ್ಲ ಇಳಿಯುವುದಿಲ್ಲ. ಒಂದು ಸಲಕ್ಕೆ 2-3 ಮಿಲಿಮೀಟರ್, ಮಧ್ಯದಿಂದ ಪಕ್ಕಕ್ಕೆ. ಕಿವಿಯ ಹತ್ತಿರ ಬಂದಾಗ ನಿಮ್ಮ ಬೆರಳಿಂದ ಕಿವಿಯನ್ನು ಮಡಿಚಿ ಮುಚ್ಚಿಕೊಳ್ಳಿ. ಐದು ನಿಮಿಷದ ಮೇಲೆ ಮಗು ಕೂರುವುದಿಲ್ಲ. ಒಂದು ಪಕ್ಕ ಉಳಿದಿದ್ದರೂ ಕತ್ತರಿ ಕೆಳಗಿಟ್ಟು, ಕೊರಳ ಟವೆಲನ್ನು ಒಳಮುಖವಾಗಿ ಮಡಿಚಿ ತೆಗೆದು, ಕಾಲುಚೀಲ ಬಿಚ್ಚಿ ಬೆರಳ ಸಂದಿ ನೋಡಿ, ಉಳಿದದ್ದನ್ನು ನಾಳೆಗೆ ಇಟ್ಟುಕೊಳ್ಳಿ.